ಎಂಟೂವರೆಯ ರಸೀದಿ

ತಿಂಗಳ ಐದನೇ ತಾರೀಕು. ಹಾಸನದ ದಾಸರಕೊಪ್ಪಲು,
ಮೂರನೇ ಅಡ್ಡರಸ್ತೆ. ಹೆಗಲಲ್ಲಿ ಚೀಲ, ಚೀಲದಲ್ಲಿ ರಸೀದಿ ಪುಸ್ತಕ,
ಜೇಬಲ್ಲಿ ಎರಡು ಪೆನ್ನು; ಬರೆಯುವುದು ಒಂದು.
ಕೇಬಲ್ ದುಡ್ಡಿಗೆ ಎಂಟೂವರೆಗೇ ಹೋಗಬೇಕು.
ಎಲ್ಲರೂ ಮನೆಯಲ್ಲಿರುತ್ತಾರೆ, ಯಾರೂ ಜಗಳಕ್ಕೆ ಏಳುವುದಿಲ್ಲ,
ಪರದೆಯಿಂದ ಕಣ್ಣು ಕೀಳದೆ ನೋಟು ಚಾಚುತ್ತಾರೆ.

ಧಾರಾವಾಹಿಯನ್ನು ನಾನು ಕೇಳುವುದು ಹೀಗೆ,
ಬಾಗಿಲಿಂದ ಬಾಗಿಲಿಗೆ, ಮುಖ ಕಾಣದೆ.
ನಿಂಗಮ್ಮನ ಹೊಸಿಲಲ್ಲಿ ನಿಹಾರಿಕಾ
"ಸರ್, ಒಂದು ನಿಮಿಷ" ಅಂದಳು.
ಪಕ್ಕದ ಗೇಟಿನ ಚಿಲಕ ತೆಗೆಯುವಷ್ಟರಲ್ಲಿ
"ಇದು ಅನ್ಯಾಯ" ಅಂದಾಗಿತ್ತು.
ನಿವೃತ್ತ ಕಂಡಕ್ಟರ್ ಜವರಪ್ಪನವರು ಚಿಲ್ಲರೆ ಹುಡುಕುವ ತನಕ
ಟ್ರಸ್ಟಿಯ ಮುಖ ಮೂರು ಸಲ,
ಪ್ರತಿ ಸಲಕ್ಕೂ ಒಂದೊಂದು ಗುಡುಗು.
ಫಯಾಜ್ ಭಾಯಿಯ ಮನೆ ಮುಟ್ಟಿದಾಗ
ಅವಳು ಪಟ್ಟಿ ಹರಿದಿದ್ದಳು. ಚೂರುಗಳು ನಿಧಾನಕ್ಕೆ
ಹೂವಿನ ಹಾಗೆ ಇಳಿದವಂತೆ, ಅವರ ಕಿರಿಮಗ ಹೇಳಿದ.
ಹಿಂದೆ ಒಬ್ಬ ಎದ್ದ, ಇಬ್ಬರೆದ್ದರು, ಇಡೀ ಕಾಲೇಜೇ ಎದ್ದಿತು.
ಬೀದಿಯ ಹದಿನಾರು ಮನೆಗಳಿಂದ
ಒಂದೇ ಚಪ್ಪಾಳೆ.
ಮಲಗಿದ್ದ ನಾಯಿಯೂ ಎದ್ದು ನಿಂತಿತು, ನಿಜವಾಗಿ.

ಹದಿನೇಳನೆಯದು ಬಡಗಿ ಈರಾಚಾರರದು.
ಅಲ್ಲಿ ಟಿ.ವಿ. ಜೋರಾಗಿತ್ತು, ಬೇಕಂತಲೇ ಜೋರು.
ತಾಯಿಯ ಕೆನ್ನೆ ಒದ್ದೆ, ಕಣ್ಣು ನಿಹಾರಿಕಾಳ ಮೇಲೆ,
ಕೈ ಮಾತ್ರ ಪಕ್ಕದಲ್ಲಿ ಕೂತ ಮಗಳ ಬೆನ್ನಿನ ಮೇಲೆ.
ನೆಲದಲ್ಲಿ ಅರ್ಧ ಸುಲಿದ ಆಲೂಗಡ್ಡೆ,
ಗೆರೆ ಹಾಕಿದ ಬಿಳಿ ಹಾಳೆ.
"ಬರೆದ್ಬಿಡು ಸಿಂಚು, ಎರಡೇ ಸಾಲು.
ಕ್ಷಮಿಸಿ ಅಂದ್ರೆ ನಾಲಿಗೆ ಸವೆಯುತ್ತಾ?"

ಆಚಾರರು ನನ್ನನ್ನು ಹೊರಗಿನವನೆಂದು ಎಣಿಸಲಿಲ್ಲ;
ಕೇಬಲಿನವನು ಅಂದರೆ ಅರ್ಧ ಮನೆಯವನೇ.
ಪಾಲಿಟೆಕ್ನಿಕ್ಕಿನಲ್ಲಿ ಸ್ಕಾಲರ್‌ಶಿಪ್ ಬಂದಾಗ
ತಲೆಗೆ ಐನೂರು ಮುರಿದುಕೊಂಡರಂತೆ, ರಸೀದಿಯಿಲ್ಲ.
ಇವಳು ಅರ್ಜಿ ಬರೆದಳು. ಮೂವತ್ತೊಂದು ಸಹಿ.
ಸೋಮವಾರ ಹನ್ನೆರಡಾಯಿತು, ಬುಧವಾರ ನಾಲ್ಕು,
ಇವತ್ತು ಇವಳದೊಂದೇ.
ಉಳಿದವುಗಳ ಮೇಲೆಲ್ಲ ವೈಟ್ನರ್.
ಪ್ರಿನ್ಸಿಪಾಲರು ಕನ್ನಡಕ ಒರೆಸುತ್ತ ನಕ್ಕರಂತೆ:
"ಸೀರಿಯಲ್ ಜಾಸ್ತಿ ನೋಡ್ತೀಯೇನಮ್ಮ?"

"ಹೂಂ, ನೋಡ್ತೀನಿ ಅಂದೆ." ಸಿಂಚನ ತಲೆಯೆತ್ತಲಿಲ್ಲ.
"ಅನ್ಯಾಯ ಅನ್ನೋದನ್ನ ಬಾಯಿಬಿಟ್ಟು ಹೇಳೋಕೆ
ಅವಳಿಂದ್ಲೇ ಕಲಿತಿದ್ದು. ಆದ್ರೆ ಅಣ್ಣ,
ಮಾರನೇ ದಿನ ಲ್ಯಾಬಲ್ಲಿ ಅವಳ ಜೊತೆಗಾರ್ತಿ
ಸ್ಟೂಲು ಎಳ್ಕೊಂಡು ದೂರ ಕೂತ್ಕೊಳ್ಳೋದನ್ನ
ಒಂದು ಎಪಿಸೋಡಲ್ಲೂ ತೋರಿಸ್ಲಿಲ್ಲ."

ಜಾಹೀರಾತು ಬಂತು. ಸೋಪು, ಎಣ್ಣೆ, ನಗುವ ಸೊಸೆ.
ತಾಯಿ ಕಣ್ಣೊರೆಸಿಕೊಂಡು ಈಗ ಮಗಳ ಕಡೆ ತಿರುಗಿದಳು.
ನೋಡಲು ಬೇರೇನೂ ಇರದ ಆ ಎರಡು ನಿಮಿಷ
ಅವಳಿಗೂ ಕಷ್ಟದ್ದೇ ಇತ್ತು.

ಆಚಾರರು ಕಿವಿಸಂದಿಯ ಪೆನ್ಸಿಲು ಚಾಚಿದರು.
"ಪೆನ್ಸಿಲಲ್ಲಿ ಆಗಲ್ಲಪ್ಪ" ಎನ್ನುತ್ತ ಅವಳು
ನನ್ನ ಜೇಬು ನೋಡಿದಳು. ಬರೆಯುವುದನ್ನೇ ಕೊಟ್ಟೆ.
ಕೈ ನಡುಗುತ್ತಿತ್ತು. ಫ್ಯಾನಿನ ಗಾಳಿಗೆ ಹಾಳೆ ಹಾರದ ಹಾಗೆ
ಮೂಲೆಗೆ ಒಂದು ಆಲೂಗಡ್ಡೆ ಇಟ್ಟಳು.
ನಿಹಾರಿಕಾಳ ಕೈ ನಡುಗಿತೆಂದು
ಹದಿನಾರು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ನಾನು ರಸೀದಿ ಹರಿಯುವುದರಲ್ಲಿದ್ದೆ, ಬರೆದದ್ದನ್ನು ಓದಲಿಲ್ಲ.
ಓದಬಹುದಿತ್ತು.
ಓದದಿರುವುದೂ ಒಂದು ಬಗೆಯ ವೈಟ್ನರೇ.
ಎರಡು ಸಾಲಿಗೆ ಮುಗಿಯಲಿಲ್ಲ, ಅಷ್ಟು ಗೊತ್ತು;
ಹಾಳೆ ಮಗುಚಿ ಬರೆಯುತ್ತಿದ್ದಳು.
ಕತೆ ಮತ್ತೆ ಶುರುವಾಯಿತು.
ತಾಯಿ ರಿಮೋಟು ಹುಡುಕಿ ಸದ್ದು ತಗ್ಗಿಸಿದಳು.

ಪೆನ್ನು ವಾಪಸು ಕೇಳಲಿಲ್ಲ.
ಹದಿನೆಂಟನೇ ಮನೆಯಲ್ಲಿ ನಾಳೆಯ ತುಣುಕು ಓಡುತ್ತಿತ್ತು,
ನಿಹಾರಿಕಾಳನ್ನು ಭುಜದ ಮೇಲೆ ಹೊತ್ತಿದ್ದರು.
ಇನ್ನೂರ ಎಂಬತ್ತು ಕೊಟ್ಟು ಆಕೆ
"ರಸೀದಿ ಬೇಡ ಬಿಡಿ" ಅಂದರು.
"ಇರಲಿ" ಅಂದೆ.
ಉಳಿದ ಪೆನ್ನನ್ನು ಅಂಗೈಯಲ್ಲಿ ಗೀಚಿದೆ, ಗೀಚಿದೆ,
ಶಾಯಿ ಬರುವ ತನಕ.